ಕೈಯಲ್ಲಿ ಮೂರು ಆಫರ್: ಬ್ರಿಟನ್‌ಗೆ ಓದಲು ಹೊರಟವರು ಯಾವುದನ್ನು ಒಪ್ಪಿಕೊಳ್ಳಬೇಕು?

ಸೆಪ್ಟೆಂಬರ್‌ನಲ್ಲಿ ಶುರುವಾಗುವ ಎಂ.ಎಸ್‌ಸಿ.ಗೆ ಅರ್ಜಿ ಹಾಕಿದವರಿಗೆ ಬೇಸಿಗೆ ಹೊತ್ತಿಗೆ ಎರಡೋ ಮೂರೋ ಆಫರ್ ಬಂದಿರುತ್ತವೆ. ಒಂದು ಲಂಡನ್, ಒಂದು ಶೆಫೀಲ್ಡ್, ಇನ್ನೊಂದು ಕಾರ್ಡಿಫ್ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಮಾತು ಶುರುವಾಗುತ್ತದೆ. ಯಾವುದರ ರ‍್ಯಾಂಕಿಂಗ್ ಮೇಲಿದೆ? ಯಾವ ಊರಲ್ಲಿ ನಮ್ಮ ಕಡೆಯವರು ಇದ್ದಾರೆ? ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ವೀಸಾ ಬೇಕಾದ ವಿದ್ಯಾರ್ಥಿ ಇವಕ್ಕಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು. ಈ ಮೂರರಲ್ಲಿ ಯಾವುದು ನನ್ನನ್ನು ಸಮಯಕ್ಕೆ ಸರಿಯಾಗಿ, ನಮ್ಮ ಮನೆಯ ದುಡ್ಡಿನ ಮಿತಿಯೊಳಗೆ, ವೀಸಾ ತನಕ ಮುಟ್ಟಿಸುತ್ತದೆ? ಇದಕ್ಕೆ ಉತ್ತರ ಸಿಕ್ಕ ಮೇಲೆ ಉಳಿದವುಗಳಲ್ಲಿ ಒಳ್ಳೆಯ ಕೋರ್ಸ್ ಆರಿಸಿದರೆ ಸಾಕು. ಉಲ್ಟಾ ಮಾಡಿದವರೇ ಆಗಸ್ಟ್‌ನಲ್ಲಿ ಪರದಾಡುವುದು.

ಮೊದಲು ಆಫರ್ ಲೆಟರ್ ಪೂರ್ತಿ ಓದಿ

ಆಫರ್ ಲೆಟರ್ ತೋರಿಸಿ ವೀಸಾ ಕೇಳಲು ಆಗುವುದಿಲ್ಲ. ವೀಸಾಕ್ಕೆ ಬೇಕಾಗಿರುವುದು ಕ್ಯಾಸ್, ಅಂದರೆ ಕನ್ಫರ್ಮೇಷನ್ ಆಫ್ ಅಕ್ಸೆಪ್ಟೆನ್ಸ್ ಫಾರ್ ಸ್ಟಡೀಸ್. ಅದೊಂದು ನಂಬರ್. ನೀವು ಎಲ್ಲ ಷರತ್ತು ಪೂರೈಸಿ, ಡಿಪಾಸಿಟ್ (ಶುಲ್ಕದ ಮುಂಗಡ) ಕಟ್ಟಿದ ಮೇಲೆ ವಿಶ್ವವಿದ್ಯಾಲಯ ಅದನ್ನು ಕೊಡುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಪ್ರತಿ ಆಫರ್‌ನಲ್ಲೂ ಕ್ಯಾಸ್‌ಗೆ ಮೊದಲು ಏನೇನು ಕೇಳಿದ್ದಾರೆ ಅಂತ ಬರೆದುಕೊಳ್ಳಿ.

ನಮ್ಮವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಅಂಕಪಟ್ಟಿಯಲ್ಲಿ. ಕೊನೆಯ ಸೆಮಿಸ್ಟರ್ ಫಲಿತಾಂಶ ಜುಲೈಗೆ ಜಾರಿದರೆ ಏನು ಗತಿ? ಒಂದು ವಿಶ್ವವಿದ್ಯಾಲಯ ಪ್ರಾವಿಷನಲ್ ಸರ್ಟಿಫಿಕೇಟ್ ಸಾಕು ಅನ್ನಬಹುದು. ಇನ್ನೊಂದು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ಎರಡೂ ಬೇಕು ಅನ್ನಬಹುದು. ಇಂಗ್ಲಿಷ್ ಷರತ್ತೂ ಹಾಗೆಯೇ. ಕೆಲವು ಕಡೆ 12ನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತಾರೆ. ಆದರೆ ಯಾವ ಬೋರ್ಡ್, ಎಷ್ಟು ಅಂಕ ಎಂಬುದು ಒಂದೊಂದು ಕಡೆ ಒಂದೊಂದು ಥರ. ಸಿಬಿಎಸ್‌ಇಯಲ್ಲಿ ಓದಿದ ಗೆಳೆಯನಿಗೆ ವಿನಾಯಿತಿ ಸಿಕ್ಕಿತು ಅಂತ ಪಿಯು ಬೋರ್ಡ್‌ನವರು ಸುಮ್ನೆ ಕೂರಬಾರದು. ಇಮೇಲ್ ಮಾಡಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಎಂಜಿನಿಯರಿಂಗ್ ಮತ್ತು ವಿಜ್ಞಾನದ ಕೆಲವು ಸ್ನಾತಕೋತ್ತರ ಕೋರ್ಸ್‌ಗಳಿಗೆ ಅಟಾಸ್ ಎಂಬ ಭದ್ರತಾ ಅನುಮತಿಯೂ ಬೇಕು. ಭಾರತೀಯರಿಗೆ ಇದರಿಂದ ವಿನಾಯಿತಿ ಇಲ್ಲ. ಶುಲ್ಕವಿಲ್ಲ, ಆದರೆ ಬರಲು ವಾರಗಟ್ಟಲೆ ಹಿಡಿಯುತ್ತದೆ. ಬೇಕಿದ್ದರೆ ಆಫರ್ ಲೆಟರ್‌ನಲ್ಲೇ ಹೇಳಿರುತ್ತಾರೆ. ಒಂದು ಆಫರ್‌ಗೆ ಅಟಾಸ್ ಬೇಕು, ಇನ್ನೊಂದಕ್ಕೆ ಬೇಡ ಅಂದರೆ ಅದು ಸಣ್ಣ ವ್ಯತ್ಯಾಸವಲ್ಲ.

ಆಮೇಲೆ ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಕೋರ್ಸ್ ಶುರುವಾಗುವ ದಿನ, ಕೊನೆಯದಾಗಿ ಯಾವತ್ತಿನ ತನಕ ಬಂದು ಸೇರಬಹುದು, ಡಿಪಾಸಿಟ್‌ಗೆ ಕೊನೆ ದಿನ, ಕ್ಯಾಸ್‌ಗೆ ದಾಖಲೆ ಕೊಡಲು ಕೊನೆ ದಿನ: ಈ ನಾಲ್ಕೂ ಪ್ರತಿ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ. ಭಾರತದಿಂದ ಅರ್ಜಿ ಹಾಕುವವರು ಕೋರ್ಸ್‌ಗೆ 6 ತಿಂಗಳು ಮುಂಚೆಯೇ ವೀಸಾ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 3 ವಾರ. ಅದಕ್ಕೂ ಮೊದಲು ಕ್ಷಯದ ಪರೀಕ್ಷೆ ಮಾಡಿಸಬೇಕು. ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಆಗಬೇಕು, ಬೆಂಗಳೂರಿನಲ್ಲಿ ಸೌಲಭ್ಯವಿದೆ. ಆ ಪ್ರಮಾಣಪತ್ರಕ್ಕೆ 6 ತಿಂಗಳ ಆಯಸ್ಸು.

ಹಿಂದಿನಿಂದ ಎಣಿಸುತ್ತಾ ಬಂದರೆ ಜುಲೈ ಕೊನೆಯೊಳಗೆ ಕ್ಯಾಸ್ ಕೈಗೆ ಬರಬೇಕು ಅಂತ ಗೊತ್ತಾಗುತ್ತದೆ. ಯಾವ ಆಫರ್‌ನಲ್ಲಿ ಅದು ಸಾಧ್ಯವೇ ಇಲ್ಲವೋ, ಅದರ ಹೆಸರು ಎಷ್ಟೇ ದೊಡ್ಡದಿರಲಿ, ಜನವರಿ ಬ್ಯಾಚ್‌ಗೆ ಮುಂದೂಡುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ವಿಶ್ವವಿದ್ಯಾಲಯಗಳು ಈಗ ಇಷ್ಟೊಂದು ಬಿಗಿಯಾಗಿರುವುದಕ್ಕೆ ಕಾರಣವಿದೆ. ತಾವು ಕ್ಯಾಸ್ ಕೊಟ್ಟವರಲ್ಲಿ 10% ಅಥವಾ ಅದಕ್ಕಿಂತ ಹೆಚ್ಚು ಜನರ ವೀಸಾ ತಿರಸ್ಕೃತವಾದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅವುಗಳಿಗಿರುವ ಪ್ರಾಯೋಜಕ ಲೈಸೆನ್ಸ್‌ಗೇ ಕುತ್ತು ಎಂಬುದು ನಿಯಮವಾಗಿತ್ತು. ಈ ಮಿತಿಯನ್ನು 5%ಗೆ ಇಳಿಸುವುದಾಗಿ 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿತು. ಕ್ಯಾಸ್‌ಗೆ ಮುಂಚೆ ವಿಡಿಯೊ ಸಂದರ್ಶನ ಮಾಡುವುದು, ಬ್ಯಾಂಕ್ ದಾಖಲೆಯನ್ನು ತಾವೇ ಮೊದಲು ನೋಡುವುದು, ಡಿಪಾಸಿಟ್ ಜಾಸ್ತಿ ಕೇಳುವುದು ಎಲ್ಲ ಇದರಿಂದಲೇ. ನನ್ನ ಪ್ರಕಾರ ದಾಖಲೆಗಳನ್ನು ಮೊದಲೇ ಕೂಲಂಕಷವಾಗಿ ನೋಡುವ ವಿಶ್ವವಿದ್ಯಾಲಯ ಒಳ್ಳೆಯದು. ತಪ್ಪು ಅಲ್ಲೇ ಸಿಕ್ಕಿದರೆ ಸರಿಪಡಿಸಲು ಸಮಯವಿರುತ್ತದೆ. ವೀಸಾ ಅಧಿಕಾರಿಗೆ ಸಿಕ್ಕಿದರೆ ಅರ್ಜಿಯ ಶುಲ್ಕವೂ ಹೋಗುತ್ತದೆ, ತಿರಸ್ಕಾರದ ದಾಖಲೆಯೂ ಉಳಿಯುತ್ತದೆ.

ದುಡ್ಡಿನ ಲೆಕ್ಕ: ಇದರಲ್ಲಿ ಅವಸರ ಬೇಡ

ಬೋಧನಾ ಶುಲ್ಕ ಆಫರ್ ಲೆಟರ್‌ನಲ್ಲೇ ಇರುತ್ತದೆ. ಅದರ ಜೊತೆಗೆ ಜೀವನ ವೆಚ್ಚಕ್ಕೆ ದುಡ್ಡಿದೆ ಅಂತ ವೀಸಾ ಅರ್ಜಿಯಲ್ಲಿ ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171 ಪೌಂಡ್. ಗರಿಷ್ಠ 9 ತಿಂಗಳಿಗೆ ತೋರಿಸಿದರೆ ಸಾಕು. ಅಂದರೆ ಲಂಡನ್ ಆಫರ್‌ಗೆ 13,761 ಪೌಂಡ್, ಶೆಫೀಲ್ಡ್ ಅಥವಾ ಕಾರ್ಡಿಫ್‌ಗೆ 10,539 ಪೌಂಡ್. ವ್ಯತ್ಯಾಸ 3,222 ಪೌಂಡ್. ಇದು ಬರೀ ತೋರಿಸಬೇಕಾದ ಮೊತ್ತ. ನಿಜವಾದ ಬಾಡಿಗೆಯಲ್ಲೂ ಲಂಡನ್ ದುಬಾರಿಯೇ.

ಒಂದು ಎಚ್ಚರಿಕೆ. ಬೇರೆ ಊರಿನ ಹಲವು ವಿಶ್ವವಿದ್ಯಾಲಯಗಳು ಲಂಡನ್‌ನಲ್ಲಿ ಕ್ಯಾಂಪಸ್ ಇಟ್ಟಿವೆ. ಹೆಸರಲ್ಲಿ ಬೇರೆ ಊರಿದ್ದರೂ ನೀವು ಓದುವುದು ಲಂಡನ್‌ನಲ್ಲಾದರೆ ಲಂಡನ್ ಲೆಕ್ಕವೇ ಅನ್ವಯ. ಆಫರ್‌ನಲ್ಲಿ ಕ್ಯಾಂಪಸ್ ಎಲ್ಲಿದೆ ಅಂತ ನೋಡಿಕೊಳ್ಳಿ.

ಬಾಕಿ ಉಳಿದ ಮೊದಲ ವರ್ಷದ ಶುಲ್ಕ ಮತ್ತು ಈ ಜೀವನ ವೆಚ್ಚ, ಎರಡೂ ಸೇರಿದ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28ನೇ ದಿನ ಅರ್ಜಿಯ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು. ಸತತ ಅಂದರೆ ಸತತ. ಅಪ್ಪನ ಖಾತೆಯಿಂದ 20ನೇ ದಿನ ಎಲ್‌ಐಸಿ ಕಂತು ತಾನಾಗೇ ಕಡಿತವಾಗಿ, ಖಾತೆಯಲ್ಲಿರುವ ದುಡ್ಡು ಒಂದೇ ಒಂದು ದಿನ ಬೇಕಾದ ಮೊತ್ತಕ್ಕಿಂತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಪೌಂಡ್ ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನದ ದರದಲ್ಲಿ. ರೂಪಾಯಿ ಕುಸಿದರೆ ಕಷ್ಟ. ಸ್ವಲ್ಪ ಜಾಸ್ತಿಯೇ ಇಟ್ಟಿರಿ.

ದುಡ್ಡು ಯಾರ ಹೆಸರಲ್ಲಿರಬೇಕು ಎನ್ನುವುದರಲ್ಲೂ ನಿಯಮ ಗಟ್ಟಿ. ವಿದ್ಯಾರ್ಥಿಯ ಖಾತೆ, ಇಲ್ಲವೇ ಅಪ್ಪ ಅಮ್ಮನ ಖಾತೆ ಆಗಬಹುದು. ಚಿಕ್ಕಪ್ಪ, ಸೋದರಮಾವ, ಅಣ್ಣ ಪ್ರೀತಿಯಿಂದ ಕೊಡುತ್ತೇನೆ ಅಂದರೂ ಅವರ ಖಾತೆ ತೋರಿಸುವಂತಿಲ್ಲ. ಅವರು ಕೊಟ್ಟ ದುಡ್ಡು ನಿಮ್ಮ ಅಥವಾ ತಂದೆ ತಾಯಿಯ ಖಾತೆಗೆ ಬಂದು, ಅಲ್ಲಿ 28 ದಿನ ಕಳೆಯಬೇಕು. ಷೇರು, ಪಿಎಫ್ ಲೆಕ್ಕಕ್ಕಿಲ್ಲ. ಎಲೆಕ್ಟ್ರಾನಿಕ್ ದಾಖಲೆ ಇಡದ, ವೀಸಾ ಅಧಿಕಾರಿಗಳಿಗೆ ಪರಿಶೀಲಿಸಲು ಆಗದ ಸಂಸ್ಥೆಯಲ್ಲಿರುವ ದುಡ್ಡನ್ನೂ ಒಪ್ಪುವುದಿಲ್ಲ. ಹಾಗಾಗಿ ಊರ ಸೊಸೈಟಿಯಲ್ಲಿ ಠೇವಣಿ ಇದ್ದರೆ ಅದನ್ನು ಮೊದಲೇ ಬ್ಯಾಂಕಿಗೆ ತರುವುದು ಕ್ಷೇಮ.

ತಂದೆ ತಾಯಿಯ ಖಾತೆ ತೋರಿಸುವಾಗ ಅವರ ಒಪ್ಪಿಗೆ ಪತ್ರ ಬೇಕು, ಸಂಬಂಧಕ್ಕೆ ಜನನ ಪ್ರಮಾಣಪತ್ರ ಬೇಕು. ಇಲ್ಲಿ ನಮ್ಮ ಇನಿಷಿಯಲ್ ಪದ್ಧತಿ ಕಾಟ ಕೊಡುತ್ತದೆ. ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರಿಗೆ ಎರಡು ಇನಿಷಿಯಲ್, ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಮಗಳ ಪಾಸ್‌ಪೋರ್ಟ್‌ನಲ್ಲಿ ಊರ ಹೆಸರೂ ಸೇರಿ ಉದ್ದವಾಗಿದೆ. ನಮಗೆ ಮೂವರೂ ಒಬ್ಬರೇ ಅಂತ ಗೊತ್ತು. ಅಧಿಕಾರಿಗೆ ಗೊತ್ತಾಗಬೇಕಲ್ವಾ? ಮೂರನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ನೋಡಿ. ತಿದ್ದಿಸಲು ಆಗುವುದನ್ನು ತಿದ್ದಿಸಿ. ಆಗದಿದ್ದರೆ ಒಬ್ಬರೇ ವ್ಯಕ್ತಿ ಎಂಬ ಅಫಿಡವಿಟ್ ಜೊತೆಗಿಡಿ.

ಶಿಕ್ಷಣ ಸಾಲವಾದರೆ 28 ದಿನದ ತಾಪತ್ರಯವಿಲ್ಲ. ಆದರೆ ಬ್ಯಾಂಕಿನ ಪತ್ರ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, 6 ತಿಂಗಳಿಗಿಂತ ಹಳೆಯದಾಗಿರಬಾರದು. ಸಾಲ ಮಂಜೂರು ಮಾಡುವಾಗ ಬ್ಯಾಂಕ್ ಕೂಡ ವಿಶ್ವವಿದ್ಯಾಲಯ ಯಾವುದು ಅಂತ ನೋಡುತ್ತದೆ. ಮೂರು ಆಫರ್ ಇದ್ದರೆ ಮೂರನ್ನೂ ತೋರಿಸಿ, ಯಾವುದಕ್ಕೆ ಎಷ್ಟು, ಅಡಮಾನ ಬೇಕಾ, ಎಷ್ಟು ದಿನ ಹಿಡಿಯುತ್ತದೆ ಅಂತ ಡಿಪಾಸಿಟ್ ಕಟ್ಟುವ ಮೊದಲೇ ಕೇಳಿ.

ಇನ್ನು ತಪ್ಪಿಸಿಕೊಳ್ಳಲಾಗದ ಖರ್ಚು. ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 524 ಪೌಂಡ್‌ಗೆ ಏರಿತು. ಆರೋಗ್ಯ ಸೇವೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್‌ನಂತೆ ವೀಸಾ ಅವಧಿಗೆಲ್ಲ ಮೊದಲೇ ಕಟ್ಟಬೇಕು. ಒಂದು ವರ್ಷದ ಎಂ.ಎಸ್‌ಸಿ.ಗೆ ಇದು ಸಾಮಾನ್ಯವಾಗಿ 1,164 ಪೌಂಡ್ ಆಗುತ್ತದೆ. ದರಗಳು ಬದಲಾಗುತ್ತಲೇ ಇರುತ್ತವೆ, ಕಟ್ಟುವ ದಿನ ಬ್ರಿಟನ್ ಸರ್ಕಾರದ ವೆಬ್‌ಸೈಟ್ ನೋಡಿಯೇ ಕಟ್ಟಿ.

ಅಲ್ಲಿ ದುಡಿದು ಶುಲ್ಕ ಕಟ್ಟುತ್ತೇನೆ ಎಂಬ ಲೆಕ್ಕ ದಯವಿಟ್ಟು ಬೇಡ. ಪದವಿ ಮತ್ತು ಅದಕ್ಕೂ ಮೇಲಿನ ಕೋರ್ಸ್‌ಗಳಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಸ್ವಂತ ವ್ಯವಹಾರ, ಆ್ಯಪ್ ಮೂಲಕ ಊಟ ತಲುಪಿಸುವಂಥ ಸ್ವಯಂ ಉದ್ಯೋಗ ಪೂರ್ತಿ ನಿಷಿದ್ಧ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ.

ಉಳಿದವುಗಳಲ್ಲಿ ಕೋರ್ಸ್ ನೋಡಿ

ಈಗ ರ‍್ಯಾಂಕಿಂಗ್ ನೋಡಬಹುದು. ಅದಕ್ಕಿಂತ ಮೊದಲು ಮಾಡ್ಯೂಲ್ ಪಟ್ಟಿ, ಅಂದರೆ ಕೋರ್ಸ್‌ನಲ್ಲಿ ಕಲಿಸುವ ವಿಷಯಗಳ ಪಟ್ಟಿ, ತೆಗೆಯಿರಿ. ಒಂದೇ ಡೇಟಾ ಸೈನ್ಸ್ ಎಂಬ ಹೆಸರಿನಲ್ಲಿ ಒಂದು ಕಡೆ ಸಂಖ್ಯಾಶಾಸ್ತ್ರ ಜಾಸ್ತಿ, ಇನ್ನೊಂದು ಕಡೆ ಮ್ಯಾನೇಜ್‌ಮೆಂಟ್ ಜಾಸ್ತಿ ಇರುತ್ತದೆ. ವೀಸಾ ಅಧಿಕಾರಿ ಸಂದರ್ಶನಕ್ಕೆ ಕರೆದರೆ ಕೇಳುವುದೂ ಇದನ್ನೇ: ಈ ಕೋರ್ಸ್ ಯಾಕೆ, ಈ ವಿಶ್ವವಿದ್ಯಾಲಯ ಯಾಕೆ, ಇನ್ನೆಲ್ಲಿ ಅರ್ಜಿ ಹಾಕಿದ್ದಿರಿ? ನಿಜವಾಗಿ ಹೋಲಿಸಿ ಆರಿಸಿದವರಿಗೆ ಉತ್ತರ ತಾನಾಗೇ ಬರುತ್ತದೆ. ಕನ್ಸಲ್ಟೆನ್ಸಿಯವರು ಕೊಟ್ಟ ಉತ್ತರ ಬಾಯಿಪಾಠ ಮಾಡಿದವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ.

ಕನ್ಸಲ್ಟೆನ್ಸಿಗಳಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಿಂದ ಕಮಿಷನ್ ಬರುತ್ತದೆ. ನಿಮಗೆ ಉಚಿತ ಸೇವೆ ಸಿಗುವುದು ಅದರಿಂದಲೇ. ಅವರಲ್ಲಿ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ. ಆದರೂ ಅವರು ಒಂದು ಆಫರನ್ನೇ ಒತ್ತಿ ಹೇಳಿದಾಗ, ಉಳಿದೆರಡು ಯಾಕೆ ಬೇಡ ಅಂತ ಬಿಡಿಸಿ ಕೇಳುವ ಹಕ್ಕು ನಿಮಗಿದೆ.

ಓದು ಮುಗಿದ ಮೇಲೆ

ಇವತ್ತಿನ ವೀಸಾ ನಿಯಮ ನೋಡಿ ಹೋಗಬೇಕು, ಅಣ್ಣನೋ ಅಕ್ಕನೋ ಹೋದಾಗಿನದ್ದನ್ನಲ್ಲ. ಓದಿದ ಮೇಲೆ ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾ 2 ವರ್ಷವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ಪಿಎಚ್‌.ಡಿ. ಮುಗಿಸಿದವರಿಗೆ 3 ವರ್ಷ. ಅದಾದ ಮೇಲೂ ಉಳಿಯಲು ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈನಲ್ಲಿ ಅದರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್‌ಗೆ ಏರಿತು, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400 ಪೌಂಡ್. ನಿಮ್ಮ ವಿಷಯದಲ್ಲಿ ಹೊಸಬರಿಗೆ ಅಷ್ಟು ಸಂಬಳ ಯಾವ ಊರಲ್ಲಿ ಸಿಗುತ್ತದೆ ಅಂತ ಉದ್ಯೋಗ ಜಾಹೀರಾತು ನೋಡಿ. ಸಿಗುವುದೇ ಕಷ್ಟ ಅನ್ನಿಸಿದರೆ, ಕಡಿಮೆ ಸಾಲದಲ್ಲಿ ಮುಗಿಯುವ ಆಫರ್ ಒಳ್ಳೆಯದು. ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲಿ ತೀರಿಸಬಹುದಾದಷ್ಟೇ ಸಾಲ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮದುವೆಯಾದವರಿಗೆ ಇನ್ನೊಂದು ಮಾತು. 2024ರ ಜನವರಿಯಿಂದ ಶುರುವಾದ ಎಂ.ಎಸ್‌ಸಿ.ಯಂಥ ಕೋರ್ಸ್‌ಗಳಿಗೆ ಗಂಡ, ಹೆಂಡತಿ, ಮಕ್ಕಳನ್ನು ಸಾಮಾನ್ಯವಾಗಿ ಕರೆದೊಯ್ಯುವಂತಿಲ್ಲ. ಪಿಎಚ್‌.ಡಿ. ಮತ್ತು ಸಂಶೋಧನಾ ಪದವಿಗಳಿಗೆ ಅವಕಾಶವಿದೆ.

ಡಿಪಾಸಿಟ್ ಕಟ್ಟುವ ಮುಂಚೆ

ಸಂಸ್ಥೆಯ ಹೆಸರು ಬ್ರಿಟನ್ ಸರ್ಕಾರದ ವಿದ್ಯಾರ್ಥಿ ಪ್ರಾಯೋಜಕರ ಪಟ್ಟಿಯಲ್ಲಿ ಇದೆಯಾ ನೋಡಿ. ಅಲ್ಲಿಲ್ಲದವರು ಕ್ಯಾಸ್ ಕೊಡುವಂತಿಲ್ಲ. ಆಮೇಲೆ ಮರುಪಾವತಿ ನಿಯಮ ಓದಿ. ವೀಸಾ ಸಿಗದಿದ್ದರೆ ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತದಾ, ಎಷ್ಟು ಹಿಡಿದುಕೊಳ್ಳುತ್ತಾರೆ, ಮನಸ್ಸು ಬದಲಾಯಿಸಿದರೆ ಏನು? ಸುಳ್ಳು ದಾಖಲೆಯಿಂದ ವೀಸಾ ತಿರಸ್ಕೃತವಾದರೆ ಸಾಮಾನ್ಯವಾಗಿ ಒಂದು ಪೈಸೆಯೂ ಬರುವುದಿಲ್ಲ. ಎರಡು ಕಡೆ ಡಿಪಾಸಿಟ್ ಕಟ್ಟಿ ಆಮೇಲೆ ನೋಡೋಣ ಅನ್ನುವವರಿದ್ದಾರೆ. ಅದು ದುಡ್ಡು ಪೋಲು ಮಾಡುವ ದಾರಿ. ವೀಸಾ ಅರ್ಜಿ ಹಾಕುವುದು ಒಂದೇ ಕ್ಯಾಸ್ ಮೇಲೆ.

ದುಡ್ಡನ್ನು ವಿಶ್ವವಿದ್ಯಾಲಯದ ಅಧಿಕೃತ ಪಾವತಿ ಪುಟದಿಂದಲೇ ಕಳಿಸಿ, ಯಾರದೋ ಖಾಸಗಿ ಖಾತೆಗಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ತನಕ ವಿದೇಶಕ್ಕೆ ಕಳಿಸಿದರೆ ಟಿಸಿಎಸ್, ಅಂದರೆ ಬ್ಯಾಂಕ್ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಇಲ್ಲ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವುದಕ್ಕೂ ಇಲ್ಲ.

ಒಂದನ್ನು ಒಪ್ಪಿದ ದಿನವೇ ಉಳಿದವರಿಗೆ ಬೇಡ ಅಂತ ಎರಡು ಸಾಲು ಬರೆಯಿರಿ. ಕ್ಯಾಸ್ ಬಂದ ಕೂಡಲೇ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಕಟ್ಟಿದ ಶುಲ್ಕದ ಮೊತ್ತ, ಈ ನಾಲ್ಕನ್ನೂ ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯದಿಂದ ತಿದ್ದಿಸಿ. ಮುಖ್ಯವಾಗಿ ಕಟ್ಟಿದ ಶುಲ್ಕ ನೋಡಿ. ನೀವು ಕಟ್ಟಿದ್ದು ಕ್ಯಾಸ್‌ನಲ್ಲಿ ಕಾಣದಿದ್ದರೆ ಅಷ್ಟೂ ದುಡ್ಡನ್ನು ಬ್ಯಾಂಕಿನಲ್ಲಿ ಮತ್ತೆ ತೋರಿಸಬೇಕಾದೀತು.