ಗೋಡೆಗೆ ಪಾಠ ಹೇಳುತ್ತಿದ್ದೆ

ನನ್ನದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆ. ಒಂದರಿಂದ ಮೂರನೇ ತರಗತಿಯವರೆಗಿನ 26 ಮಕ್ಕಳು ಒಟ್ಟಿಗೆ, ನೆಲದ ಮೇಲೆ, ಕಲಿಕೆಯ ಕಾರ್ಡು ಇಡುವ ಐದು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ. ಹೋದ ವರ್ಷ ಅವರಲ್ಲಿ ಕಿವಿಗೆ ಮೆಷಿನ್ ಹಾಕಿಕೊಳ್ಳುವ ಹುಡುಗಿ ಒಬ್ಬಳಿದ್ದಳು, ಓದಲು ಒದ್ದಾಡುವ ಹುಡುಗ ಒಬ್ಬನಿದ್ದ, ಲಂಬಾಣಿ ತಾಂಡಾದಿಂದ ಬರುವ ಮೂವರಿದ್ದರು.

ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಇಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ, ಅಂದರೆ ಪಾಠದ ಹೆಜ್ಜೆಗಳ ಪಟ್ಟಿಯಲ್ಲಿ, ತಾನು ನಿಂತ ಮೆಟ್ಟಿಲಿಂದಲೇ ಮುಂದೆ ಹೋಗುತ್ತದೆ. ಇಂಥ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಕೋಣೆ ಇಲ್ಲ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ.

ಜುಲೈನಲ್ಲಿ ಒಂದು ದಿನ ಬೋರ್ಡ್ ಮೇಲೆ ಬರೆಯುತ್ತಾ ಲೆಕ್ಕ ಹೇಳುತ್ತಿದ್ದೆ. ಆ ಹುಡುಗಿಯ ಪಕ್ಕ ಕೂರುವವಳು ಎದ್ದು ನಿಂತಳು. "ಅಕ್ಕೋರ, ನೀವು ಗ್ವಾಡಿ ಕೂಡ ಮಾತಾಡಾಕತ್ತೀರಿ. ಆಕಿಗೆ ನಿಮ್ಮ ಬಾಯಿ ಕಾಣಂಗಿಲ್ರಿ." ಹನ್ನೆರಡು ವರ್ಷ ಪಾಠ ಮಾಡಿದ್ದೀನಿ, ಇದು ನನಗೆ ಹೊಳೆದಿರಲಿಲ್ಲ. ಅವತ್ತಿಂದ ಬರೆಯುವಾಗ ಬಾಯಿ ಮುಚ್ಚುತ್ತೇನೆ, ತಿರುಗಿದ ಮೇಲೆ ಮಾತು. ಮೊದಮೊದಲು ತುಂಬ ನಿಧಾನ ಅನ್ನಿಸಿತು. ಆದರೆ ಹಿಂದೆ ಕೂತ ಬೇರೆ ಮಕ್ಕಳೂ "ಏನ್ರೀ, ಇನ್ನೊಮ್ಮೆ ಹೇಳ್ರಿ" ಅನ್ನೋದು ಕಡಿಮೆಯಾಯಿತು.

ಗದ್ದಲ ಇನ್ನೊಂದು ತಾಪತ್ರಯ. ನಲಿ-ಕಲಿ ಕೋಣೆ ಅಂದರೆ ಸಂತೆ, ಅಲ್ವಾ? ಕಿವಿಯ ಮೆಷಿನ್ ನನ್ನ ಮಾತನ್ನಷ್ಟೇ ದೊಡ್ಡದು ಮಾಡಲ್ಲ. ತಟ್ಟೆ ಎಳೆಯೋದು, ಪಾಟಿ ಬಡಿಯೋದು, ರಸ್ತೆಯ ಟ್ರ್ಯಾಕ್ಟರ್, ಎಲ್ಲವನ್ನೂ ಮಾಡುತ್ತದೆ. ಅವಳ ಗುಂಪನ್ನು ಕಿಟಕಿಯಿಂದ ದೂರದ ಮೂಲೆಗೆ ಸರಿಸಿದೆ. ಕೆಳಗೆ ದಪ್ಪ ಜಮಖಾನೆ ಹಾಸಿದೆ. ದುಡ್ಡು ಖರ್ಚಾಗಲಿಲ್ಲ.

ಓದಲು ಒದ್ದಾಡುವ ಹುಡುಗನ ವಿಷಯದಲ್ಲಿ ನಾನೇ ಮೊದಲು ಎಡವಿದೆ. ನಲಿ-ಕಲಿಯಲ್ಲಿ ಅಕ್ಷರ ಕಲಿಸುವಾಗ ರ ಗ ಸ ದ ಅ ಮುಗಿದ ಮೇಲೆ ಜ ವ ಮ ಬ ನ ಬರುತ್ತವೆ. ವ ಮತ್ತು ಮ ಅಕ್ಕಪಕ್ಕ. ಅವನು ಮರವನ್ನು ವರ ಅಂತ ಓದುತ್ತಿದ್ದ. ಬೈದರೆ ಚಿತ್ರ ನೋಡಿ ಗಿಡ ಅಂತಿದ್ದ. ಬುದ್ಧಿ ಇಲ್ಲದವನು ಹಾಗೆ ಮಾಡ್ತಾನಾ? ದೊಡ್ಡ ಅಕ್ಷರದ ಬೇರೆ ಕಾರ್ಡು ಮಾಡಿ ಅವನೊಬ್ಬನಿಗೇ ಕೊಟ್ಟೆ. ಎರಡೇ ದಿನಕ್ಕೆ ಅದಕ್ಕೆ "ದಡ್ಡರ ಕಾರ್ಡು" ಅಂತ ಹೆಸರು ಬಿತ್ತು. ಅವನು ಕಾರ್ಡುಗಳನ್ನು ಜಮಖಾನೆ ಕೆಳಗೆ ತುರುಕಿಟ್ಟಿದ್ದ.

ಮತ್ತೆ ಮಾಡಿದೆ. ಈ ಸಲ ರಟ್ಟಿನ ಮೇಲೆ ವ ಬರೆದು, ಗೋಂದು ಬಳಿದು, ಉಸುಕು ಉದುರಿಸಿದೆ. ಮ ಬರೆಯುವಾಗ ವ ಭಾಗಕ್ಕೆ ಉಸುಕು, ಬಲಗಡೆ ಮೇಲೇಳುವ ಬಾಲಕ್ಕೆ ಮಾತ್ರ ಉಲ್ಲನ್ ದಾರ. ಬೆರಳು ಉಸುಕಿನ ಮೇಲೆ ಹೋಗುತ್ತಾ ಹೋಗುತ್ತಾ ಮೆತ್ತಗಾದ ತಕ್ಷಣ "ಮ" ಅನ್ನಬೇಕು. ಇವನ್ನು ಎಲ್ಲರ ತಟ್ಟೆಯಲ್ಲೂ ಇಟ್ಟೆ. ಕಣ್ಣು ಮುಚ್ಚಿ ಮುಟ್ಟಿ ಹೇಳೋ ಆಟ ಶುರುವಾಯಿತು. ಆ ಆಟದಲ್ಲಿ ಅವನೇ ಜಾಸ್ತಿ ಗೆಲ್ಲುತ್ತಿದ್ದ. ದೀಪಾವಳಿ ರಜೆ ಮುಗಿಸಿ ಬಂದವನು ಮರ, ಮನ, ವನ ಮೂರನ್ನೂ ತಡವರಿಸದೆ ಓದಿದ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಬಿಆರ್‌ಸಿಯಿಂದ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬರುವ ಬಿಐಇಆರ್‌ಟಿ ಮೇಡಂ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ, ಇವನನ್ನು ನೋಡಿ ತಪಾಸಣೆಗೆ ಬರೆದುಕೊಂಡು ಹೋದರು. ಸರ್ಟಿಫಿಕೇಟ್ ಬಂದಾಗ ಬರಲಿ. ಅಲ್ಲಿವರೆಗೆ ಸುಮ್ನೆ ಕೂರೋಕಾಗುತ್ತಾ?

ತಾಂಡಾದ ಮಕ್ಕಳಿಗೆ ಬೇಕಾಗಿದ್ದು ತೀರ ಸಣ್ಣದು. "ನೀರು" ಅಂದರೆ ಮುಖ ನೋಡುತ್ತಿದ್ದ ಪುಟ್ಟಿ "ಪಾಣಿ" ಅಂದ ಕೂಡಲೇ ನಲ್ಲಿ ಕಡೆ ಕೈ ತೋರಿಸಿದಳು. ಅವರಿಂದ ನಾನು ಒಂದಷ್ಟು ಪದ ಕಲಿತೆ. ನನ್ನ ಉಚ್ಚಾರಣೆಗೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಹಾಗೆ ನಕ್ಕ ಮೇಲೆಯೇ ಅವರು ಕನ್ನಡದಲ್ಲಿ ಬಾಯಿ ಬಿಟ್ಟಿದ್ದು.

ಹುಡುಗ ಈ ಜೂನ್‌ಗೆ ನಾಲ್ಕನೇ ತರಗತಿಗೆ ಹೋದ. ಅಲ್ಲಿ ತಟ್ಟೆ, ಏಣಿ ಯಾವುದೂ ಇಲ್ಲ. ಒತ್ತಕ್ಷರ ಅವನಿಗೆ ಇನ್ನೂ ಕಷ್ಟ. ಉಸುಕಿನ ಕಾರ್ಡುಗಳನ್ನು ಚಪ್ಪಲಿ ಡಬ್ಬಿಯಲ್ಲಿ ತುಂಬಿ ಆ ತರಗತಿಯ ಸರ್‌ಗೆ ಕೊಟ್ಟಿದ್ದೆ. ಡಬ್ಬಿ ಅಲಮಾರಿ ಮೇಲೆಯೇ ಇದೆ ಅಂತ ನಿನ್ನೆ ಹುಡುಗನೇ ಬಂದು ಹೇಳಿದ. ನಾಳೆ ಊಟದ ಬಿಡುವಿನಲ್ಲಿ ಹೋಗಿ ಕೆಳಗಿಳಿಸಬೇಕು.