ನಿಂತ ಅಪ್‌ಗ್ರೇಡ್ ಯಾರಿಗಾಗಿ ಕಾಯುತ್ತಿತ್ತು?

ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ 13ನೇ ಆವೃತ್ತಿಯ ಮೇಲೆ ಓಡುವ ಫೈರ್‌ವಾಲನ್ನು (ನೆಟ್‌ವರ್ಕ್ ಕಾಯುವ ಬಾಕ್ಸನ್ನು) 14ಕ್ಕೆ ಏರಿಸುವುದು ಸುಮ್ನೆ ಒಂದು ಬಟನ್ ಒತ್ತುವ ಕೆಲಸ ಅಲ್ಲ. 14ರಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬಂತು. ಹಾಗಾಗಿ ಸಿಸ್ಟಮ್ಮಿನ ತಿರುಳಾದ ಕರ್ನಲ್ ಜೊತೆಗೆ ಪ್ಯಾಕೇಜುಗಳೆಲ್ಲ ಹೊಸದಾಗಿ ಕೂರಬೇಕು. ನಾನು ನೋಡಿಕೊಳ್ಳುವ ಒಂದು ಆಡಿಟರ್ ಆಫೀಸಿನ ಬಾಕ್ಸಿಗೆ ಭಾನುವಾರ ಈ ಕೆಲಸ ಶುರು ಮಾಡಿದೆ. ಮೊದಲೇ ಕಾನ್ಫಿಗ್ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ. ಡಿಸ್ಕಿನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಆಗಿದ್ದರಿಂದ ಹಳೆಯ ಸಿಸ್ಟಮ್ಮಿನ ಬೂಟ್ ಎನ್ವಿರಾನ್‌ಮೆಂಟ್ ಕೂಡ ಒಂದು ಇಟ್ಟಿದ್ದೆ, ಅಂದರೆ ಕೆಟ್ಟರೆ ಮತ್ತೆ ಬೂಟ್ ಮಾಡಬಹುದಾದ ಹಳೆಯ ಪ್ರತಿ. ಅದಿದ್ದರೆ ಧೈರ್ಯ ಜಾಸ್ತಿ.

ಅರ್ಧ ದಾರಿಯಲ್ಲಿ ಅಪ್‌ಗ್ರೇಡ್ ತೋರಿಸುವ ವೆಬ್ ಪುಟ ನಿಂತಿತು. ಕೊನೆಯ ಸಾಲಿನಲ್ಲಿ ಒಂದು ಪ್ಯಾಕೇಜಿನ ಹೆಸರು, ಮುಂದೆ ‘ಎಕ್ಸ್‌ಟ್ರ್ಯಾಕ್ಟಿಂಗ್... ಡನ್’. ಡನ್ ಅಂತ ಬಂದಮೇಲೂ ಮುಂದಿನ ಸಾಲು ಇಲ್ಲ. ಆಫೀಸಿನವರ ಫೋನ್ ಬಂತು: “ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?” ಬೇಡವೇ ಬೇಡ ಅಂದೆ. ಆ ಹೊತ್ತಿಗೆ ಕೆಲವು ಲೈಬ್ರರಿ ಹೊಸದು, ಕೆಲವು ಹಳೆಯದು. ಆಗ ಪ್ಲಗ್ ಕಿತ್ತರೆ ಬಾಕ್ಸ್ ಮತ್ತೆ ಏಳುತ್ತದೆ ಅನ್ನೋ ಗ್ಯಾರಂಟಿ ಇರಲ್ಲ.

ವೆಬ್ ಪುಟ ಬರೀ ಲಾಗ್ ತೋರಿಸುತ್ತೆ. ಕೆಲಸ ನಡೆಯೋದು ಹಿಂದೆ, ಬ್ಯಾಕ್‌ಗ್ರೌಂಡಿನಲ್ಲಿ. ಅದಕ್ಕೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಒಳಗೆ ಹೋಗಿ, ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ಕೊಡುವ ‘ಪಿಎಸ್ -ಎಎಕ್ಸ್‌ಡಿ’ ಓಡಿಸಿದೆ. ಅದರಲ್ಲಿರೋ ‘ಡಿ’ ಯಾವ ಪ್ರೋಸೆಸ್ ಯಾವುದರ ಮಗು ಅಂತ ಮರದ ಹಾಗೆ ಬಿಡಿಸಿ ತೋರಿಸುತ್ತೆ. ಮೇಲೆ ಅಪ್‌ಗ್ರೇಡ್ ಸ್ಕ್ರಿಪ್ಟ್, ಅದರ ಕೆಳಗೆ ಪ್ಯಾಕೇಜ್ ಹಾಕುವ ಪಿಕೆಜಿ, ಅದರ ಕೆಳಗೆ ಸ್ಕ್ರಿಪ್ಟ್ ಓಡಿಸುವ ಒಂದು ಶೆಲ್, ತುದಿಯಲ್ಲಿ ಸುಮ್ಮನೆ ಕಾಯುವ ಒಂದು ಸ್ಲೀಪ್. ಸಿಪಿಯು ಸೊನ್ನೆ.

ಸ್ವಲ್ಪ ಬಿಟ್ಟು ಮತ್ತೆ ಅದೇ ಕಮಾಂಡ್ ಕೊಟ್ಟೆ. ಶೆಲ್ಲಿನ ಪಿಐಡಿ (ಪ್ರೋಸೆಸ್ ನಂಬರ್) ಅದೇ ಇದೆ, ಸ್ಲೀಪಿನ ಪಿಐಡಿ ಬೇರೆ. ಒಮ್ಮೆ ಸ್ಲೀಪ್ ಜಾಗದಲ್ಲಿ, ನೆಟ್ಟಿನಿಂದ ಫೈಲ್ ಇಳಿಸುವ ಫೆಚ್ ಕೂಡ ಕಣ್ಣಿಗೆ ಬಿತ್ತು. ಅಲ್ಲಿಗೆ ಗೊತ್ತಾಯಿತು, ಇದು ಹ್ಯಾಂಗ್ ಅಲ್ಲ, ಲೂಪ್. ಹ್ಯಾಂಗ್ ಆಗಿದ್ದರೆ ಪಿಐಡಿ ಬದಲಾಗುತ್ತಿರಲಿಲ್ಲ, ಅಲ್ವಾ?

ಆ ಶೆಲ್ ಓಡಿಸುತ್ತಿದ್ದ ಸ್ಕ್ರಿಪ್ಟ್ ತೆರೆದು ನೋಡಿದೆ. ಜಾಹೀರಾತು ತಡೆಯುವ ಒಂದು ಆಡ್-ಆನ್. ಇನ್‌ಸ್ಟಾಲ್ ಆದ ಕೂಡಲೇ ಬ್ಲಾಕ್‌ಲಿಸ್ಟ್ ಇಳಿಸಲು ಹೋಗುತ್ತೆ. ಸಿಗದಿದ್ದರೆ ಮಲಗಿ, ಎದ್ದು, ಮತ್ತೆ ಕೇಳುತ್ತೆ. ಇಷ್ಟು ಸಲ ಸಾಕು ಅನ್ನೋ ಮಿತಿಯೇ ಇಲ್ಲ. ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಹೀಗೆ ಬರೆಯೋದು ನನ್ನ ಪ್ರಕಾರ ತಪ್ಪು.

ಯಾಕೆ ಸಿಗ್ತಿಲ್ಲ? ಹೊರಗಿನ ಸಾರ್ವಜನಿಕ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳುವ ಸೇವೆ) ಸರ್ವರ್ 9.9.9.9ಕ್ಕೆ ಪಿಂಗ್ ಹೋಗುತ್ತಿತ್ತು. ಫೈರ್‌ವಾಲ್ ಕೆಲಸ ಮಾಡುವ ಪಿಎಫ್ ಕರ್ನಲ್ ಒಳಗೇ ಓಡುವುದರಿಂದ ನೆಟ್ ನಡೆಯುತ್ತಲೇ ಇತ್ತು. ಹೆಸರಿನ ವಿಳಾಸ ಕೇಳುವ ‘ಹೋಸ್ಟ್’ ಕಮಾಂಡಿಗೆ ಮಾತ್ರ ಉತ್ತರ ಇಲ್ಲ. ‘ಸಾಕ್‌ಸ್ಟ್ಯಾಟ್’ ಕಮಾಂಡಿನಲ್ಲಿ ನೋಡಿದರೆ ಡಿಎನ್‌ಎಸ್‌ನ 53ನೇ ಪೋರ್ಟಿನಲ್ಲಿ ಯಾರೂ ಇಲ್ಲ. ಬಾಕ್ಸ್ ಹೆಸರುಗಳ ವಿಳಾಸ ಕೇಳೋದು ತನ್ನ ಒಳಗಿನ ಡಿಎನ್‌ಎಸ್ ಸೇವೆ ಅನ್‌ಬೌಂಡನ್ನೇ, ಅಂದರೆ ತನ್ನದೇ ವಿಳಾಸ 127.0.0.1ರಲ್ಲಿ. ಅಪ್‌ಗ್ರೇಡ್ ಅದನ್ನು ನಿಲ್ಲಿಸಿತ್ತು. ರೀಬೂಟ್ ಆದಮೇಲೆ ಅದು ಏಳಬೇಕು. ಸ್ಕ್ರಿಪ್ಟ್ ಮುಗಿಯದೆ ರೀಬೂಟ್ ಇಲ್ಲ, ರೀಬೂಟ್ ಆಗದೆ ಡಿಎನ್‌ಎಸ್ ಇಲ್ಲ, ಡಿಎನ್‌ಎಸ್ ಇಲ್ಲದೆ ಸ್ಕ್ರಿಪ್ಟ್ ಮುಗಿಯಲ್ಲ.

ಆ ಶೆಲ್ಲನ್ನು ಕಿಲ್ ಮಾಡಬಹುದಿತ್ತು. ತುಂಬಾ ಜನ ಅದನ್ನೇ ಮಾಡ್ತಾರೆ, ಕೆಲವರು ನೇರ ಪಿಕೆಜಿಗೇ ‘ಕಿಲ್ -9’ ಹೊಡೀತಾರೆ. -9 ಕೊಟ್ಟರೆ ಪ್ರೋಸೆಸ್ಸಿಗೆ ತನ್ನ ಕೆಲಸ ಎತ್ತಿಡೋಕೂ ಅವಕಾಶ ಇರಲ್ಲ. ನಾನು ಅದು ಕೇಳುತ್ತಿರೋದನ್ನೇ ಕೊಟ್ಟೆ. ಇಟಿಸಿ ಫೋಲ್ಡರಿನ ಒಳಗೆ, ಹೆಸರು ಯಾರನ್ನು ಕೇಳಬೇಕು ಅಂತ ಹೇಳುವ ರೆಸಾಲ್ವ್ ಫೈಲಿನಲ್ಲಿ 127.0.0.1 ತೆಗೆದು 9.9.9.9 ಬರೆದೆ. ಪ್ರತಿ ಫೆಚ್ ಹೊಸ ಪ್ರೋಸೆಸ್, ಹಾಗಾಗಿ ಆ ಫೈಲನ್ನು ಹೊಸದಾಗಿ ಓದುತ್ತೆ. ಮುಂದಿನ ಸುತ್ತಿನಲ್ಲೇ ಲಿಸ್ಟ್ ಇಳಿಯಿತು, ಲಾಗ್ ಸರಸರ ಓಡಿತು, ಬಾಕ್ಸ್ ತಾನೇ ರೀಬೂಟ್ ಆಯಿತು.

ಎದ್ದಮೇಲೆ ‘ಪಿಕೆಜಿ ಚೆಕ್’ ಎರಡು ಬಗೆಯಲ್ಲಿ ಓಡಿಸಿದೆ. -ಡಿ ಹಾಕಿದರೆ ಬೇಕಾದ ಪ್ಯಾಕೇಜುಗಳೆಲ್ಲ ಇವೆಯಾ ಅಂತ ನೋಡುತ್ತೆ, -ಎಸ್ ಹಾಕಿದರೆ ಫೈಲುಗಳ ಚೆಕ್‌ಸಮ್, ಅಂದರೆ ಫೈಲು ಕೆಟ್ಟಿಲ್ಲವಾ ಅಂತ. ಎರಡೂ ಸರಿ ಇದ್ದವು. ಸೋಮವಾರ ಆಫೀಸಿನ ಕೆಲಸ ಎಂದಿನಂತೆ ನಡೆಯಿತು. ಹಳೆಯ ಬೂಟ್ ಎನ್ವಿರಾನ್‌ಮೆಂಟನ್ನು ಆ ವಾರ ಅಳಿಸಲಿಲ್ಲ.

ಈಗ ಬೇರೆ ಬಾಕ್ಸುಗಳಲ್ಲಿ ಅಪ್‌ಗ್ರೇಡಿಗೆ ಮುಂಚೆ ಇಂಥ ಆಡ್-ಆನ್‌ಗಳನ್ನು ಸೆಟ್ಟಿಂಗ್ ಉಳಿಸಿಕೊಂಡು ತೆಗೆದುಬಿಡುತ್ತೇನೆ, ರೀಬೂಟ್ ಆದಮೇಲೆ ಮತ್ತೆ ಹಾಕುತ್ತೇನೆ. ಆ ಬ್ಲಾಕ್‌ಲಿಸ್ಟ್ ಆಡ್-ಆನ್ ಬರೆದವರಿಗೂ ಒಂದು ಸಣ್ಣ ಪ್ಯಾಚ್ ಕಳಿಸಿದ್ದೇನೆ: ಫೆಚ್ಚಿಗೆ ಟೈಮ್‌ಔಟ್, ಲೂಪಿಗೆ ಮಿತಿ, ಸಿಗದಿದ್ದರೆ ಹಳೇ ಲಿಸ್ಟ್ ಇಟ್ಟುಕೊಂಡು ಮುಂದೆ ಹೋಗೋದು.