ಹೆಡ್‌ಫೋನ್ ಇಲ್ಲ, ಕ್ಲಿಕ್ ಇಲ್ಲ: ಪುಣೆಯ ಅಕ್ಕಿ ಗೋಡೌನಲ್ಲಿ ನಮ್ಮ ಫ್ಯೂಷನ್ ಆಲ್ಬಮ್

ಮೊದ್ಲು ದುಡ್ಡಿನ ವಿಷ್ಯ ಹೇಳಿಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಗೋಡೌನಲ್ಲಿ ಮಾಡಿದ ಆಲ್ಬಮ್‌ಗೆ ಎಲ್ಲಾ ಸೇರಿ ಎಪ್ಪತ್ತೈದು ಸಾವಿರದ ಆಸುಪಾಸು. ಅದಕ್ಕೂ ಮುಂಚೆ ಇದೇ ಟ್ಯೂನ್‌ಗಳಿಗೆ ಇಲ್ಲೇ ಒಂದು ಒಳ್ಳೇ ಸ್ಟುಡಿಯೋದಲ್ಲಿ ಒಂದೂವರೆ ಲಕ್ಷದ ಹತ್ರ ಸುರಿದಿದ್ವಿ, ಆ ಫೈಲ್‌ಗಳು ಈಗ್ಲೂ ಹಾರ್ಡ್‌ಡಿಸ್ಕಲ್ಲಿ ಬಿದ್ದಿವೆ, ಯಾರಿಗೂ ಕೇಳಿಸಿಲ್ಲ.

ಅಲ್ಲಿ ಎಲ್ಲ ಶಿಸ್ತಾಗೇ ಇತ್ತು. ಡ್ರಮ್ಸ್ ಬೂತಲ್ಲಿ, ಸ್ಯಾಕ್ಸ್ ಇನ್ನೊಂದು ರೂಮಲ್ಲಿ, ಎಲ್ಲರ ಕಿವಿಗೂ ಕ್ಲಿಕ್ (ತಾಳ ತಪ್ಪದಿರ್ಲಿ ಅಂತ ಹೆಡ್‌ಫೋನಲ್ಲಿ ಟಿಕ್ ಟಿಕ್ ಅನ್ನೋ ಸದ್ದು), ಮೃದಂಗ ಆಮೇಲೆ ಓವರ್‌ಡಬ್, ಅಂದ್ರೆ ಬೇರೆಯಾಗಿ ನುಡಿಸಿ ಮೇಲೆ ಸೇರಿಸಿದ್ದು. ಸೌಂಡ್ ಕ್ಲೀನು, ಜೀವ ಮಾತ್ರ ಇಲ್ಲ. ನಮ್ಮ ಮೃದಂಗದವ್ರು ಮೈಸೂರಿನವ್ರು, ಮುಕ್ತಾಯ (ಒಂದು ಭಾಗ ಮುಗಿಸೋ ಜತಿ) ಹಾಕೋವಾಗ ಒಂಚೂರೇ ಚೂರು ಹಿಂದಕ್ಕೆ ಎಳೆದು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಬೀಳ್ತಾರೆ, ನಮ್ಮ ಗೋವಾ ಡ್ರಮ್ಮರ್ ಅವರ ಭುಜ ನೋಡ್ಕೊಂಡೇ ಅದನ್ನ ಹಿಡೀತಾನೆ. ಕ್ಲಿಕ್ ಇಟ್ರೆ ಆ ಎಳೆತನೇ ತಪ್ಪು ಅಂತಾಗೋಗತ್ತೆ. ಮಿಶ್ರ ಚಾಪು, ಅಂದ್ರೆ ಏಳೆಣಿಕೆ ತಾಳದ ಟ್ಯೂನಂತೂ ಮೇಷ್ಟ್ರ ಮುಂದೆ ನಿಂತು ಮಗ್ಗಿ ಒಪ್ಪಿಸಿದಂಗಿತ್ತು.

ಎಲ್ರೂ ಒಂದೇ ರೂಮಲ್ಲಿ, ಮುಖ ನೋಡ್ಕೊಂಡು ನುಡಿಸೋಣ ಅಂದಾಗ ನಕ್ಕವ್ರೇ ಜಾಸ್ತಿ. ಬ್ಲೀಡ್ ಆಗತ್ತೆ (ಒಬ್ಬರ ಸೌಂಡು ಇನ್ನೊಬ್ಬರ ಮೈಕಿಗೆ ಸೋರತ್ತೆ), ಎಡಿಟ್ ಮಾಡಕ್ಕಾಗಲ್ಲ, ಒಬ್ಬ ತಪ್ಪಿದ್ರೆ ಎಲ್ಲರ ಟೇಕೂ ಹೋಯ್ತು. 1959ರಲ್ಲಿ ಜಾಝ್ ಟ್ರಂಪೆಟ್‌ನ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಮಾಡಿದ್ದು ನ್ಯೂಯಾರ್ಕಲ್ಲಿ ಮುಂಚೆ ಚರ್ಚ್ ಆಗಿದ್ದ ಹಾಲಲ್ಲಿ, ಭಾರತೀಯ ಸಂಗೀತ, ಜಾಝ್ ಬೆರೆಸಿದ ಶಕ್ತಿ ಬ್ಯಾಂಡಿನ 1976ರ ಮೊದಲ ರೆಕಾರ್ಡಂತೂ ಕಾಲೇಜೊಂದರ ಲೈವ್ ಕಚೇರಿನೇ ಅಂದ್ರೆ, "ಅವರ ಮಾತು ಬೇರೆ ಬಿಡು" ಅಂದ್ರು. ಬೇರೆನೇ, ಅವರಿಗೆ ನಮ್ಮ ಶೆಟ್ರ ಗೋಡೌನ್ ಸಿಕ್ಕಿರ್ಲಿಲ್ಲ.

ಸಿಂಹಗಡ ರಸ್ತೆ ಕಡೆ ಶೆಟ್ರದ್ದು ಹೋಟ್ಲು, ಅದರ ಗೋಡೌನ್ ತುಂಬ ಸೋನಾ ಮಸೂರಿ, ಇಡ್ಲಿ ಅಕ್ಕಿ. ಮೇಲೆ ಸ್ಲ್ಯಾಬ್ ಇದ್ದಿದ್ದು ಪುಣ್ಯ, ತಗಡಿನ ಶೀಟಾಗಿದ್ರೆ ಜುಲೈ ಮಳೆಗೆ ಅಲ್ಲೇ ಕತೆ ಮುಗೀತಿತ್ತು. "ಮೂಟೆ ಮೇಲೆ ಕಾಲಿಡ್ಬೇಡಿ ಮಾರಾಯ್ರೇ, ಬಾಕಿ ಎಷ್ಟು ಬೇಕಾದ್ರೂ ಬಡ್ಕೊಳ್ಳಿ" ಅಂದ್ರು, ಬಾಡಿಗೆ ಮಾತೇ ಎತ್ಲಿಲ್ಲ. ಆದ್ರೆ ಗಣಪತಿ ಹಬ್ಬಕ್ಕೆ ಮುಂಚೆ ಪುಣೆಲಿ ಸಾಯಂಕಾಲ ಆಯ್ತಂದ್ರೆ ಢೋಲ್ ತಾಶಾ ಪ್ರಾಕ್ಟೀಸ್ ಶುರು, ಹತ್ತಾರು ಢೋಲು ಒಟ್ಟಿಗೆ ಹೊಡೆದ್ರೆ ಯಾವ ಗೋಡೆನೂ ತಡೆಯಲ್ಲ. ಅದು ನಿಂತ ಮೇಲೇ ನಮ್ಮ ಕೆಲ್ಸ, ಬೆಳಗಿನ ಜಾವದ ತನಕ.

ಡ್ರಮ್ಸ್ ಸುತ್ತ ಎದೆಮಟ್ಟ ಮೂಟೆ ಒಟ್ಟಿದ್ವಿ, ಮುಖ ಕಾಣೋಷ್ಟು ಗ್ಯಾಪ್ ಬಿಟ್ಟು. ಸ್ನೇರ್‌ಗೆ (ಡ್ರಮ್ಸಲ್ಲಿ ಚಟ್ ಅನ್ನೋ ಡ್ರಮ್ಮು) ನಮ್ಮದೇ ಹಳೇ ಎಸ್‌ಎಂ57 ಮೈಕು, ಡ್ರಮ್ಸ್ ಮೇಲಿನ ಓವರ್‌ಹೆಡ್‌ಗೆ ಮತ್ತೆ ಸ್ಯಾಕ್ಸ್‌ಗೆ ರಿಬ್ಬನ್ ಮೈಕು ಬಾಡಿಗೆಗೆ. ಅವು ಫಿಗರ್ ಎಯ್ಟ್ ಮೈಕು, ಮುಂದೆ ಹಿಂದೆ ಕೇಳತ್ತೆ, ಪಕ್ಕ ಕಿವುಡು ಅಲ್ವಾ, ಸ್ಯಾಕ್ಸ್ ಮೈಕಿನ ಆ ಪಕ್ಕ ಡ್ರಮ್ಸ್ ಕಡೆ ತಿರುಗಿಸಿದ್ದಕ್ಕೇ ಅರ್ಧ ಬ್ಲೀಡ್ ಹೋಯ್ತು. ನನ್ನ ಬೇಸ್ ಡಿಐ, ಅಂದ್ರೆ ಮೈಕಿಲ್ದೆ ಕೇಬಲಲ್ಲಿ ಸೀದಾ ರೆಕಾರ್ಡಿಗೆ. ಅದನ್ನ ಹೆಡ್‌ಫೋನ್ ಇಲ್ದೆ ಉಳಿದವ್ರಿಗೆ ಹೆಂಗೆ ಕೇಳಿಸಿದೆ ಅನ್ನೋದು ನನ್ನ ಹತ್ರನೇ ಇರ್ಲಿ. ಮೃದಂಗದ ಎರಡನೇ ಮೈಕಿನ ಜಾಗಾನೂ ಅಷ್ಟೇ.

ಮಳೆಗಾಲದ ತಂಡಿಗೆ ಮೃದಂಗದ ಚರ್ಮ ಸಡಿಲಾಗಿ ಶ್ರುತಿ ಇಳಿಯೋದು. ಹ್ಯಾಲೋಜನ್ ದೀಪದ ಮುಂದೆ ಹಿಡಿದು ಬಿಸಿ ಮಾಡೋದು, ಕಲ್ಲಲ್ಲಿ ತಟ್ಟೋದು, ಅಷ್ಟರಲ್ಲಿ ಎಡದ ಕಡೆ ಮೆತ್ತಿದ್ದ ರವೆ ಒಣಗಿ ಉದುರೋದು, ಮತ್ತೆ ಕಲಸೋದು. ರವೆಗೆ ಬರ ಇರ್ಲಿಲ್ಲ ಬಿಡಿ, ಪಕ್ಕದಲ್ಲೇ ರವೆ ಮೂಟೆನೂ ಇತ್ತು.

ನಾನು ಲೆಕ್ಕ ಹಾಕದೇ ಇದ್ದಿದ್ದು ಒಂದೇ, ಹೋಟ್ಲು ದಿನಾ ಅಕ್ಕಿ ತಿನ್ನತ್ತೆ! ದಿನಾ ಬೆಳಿಗ್ಗೆ ಟೆಂಪೋ ಬಂದು ಮೂಟೆ ಒಯ್ಯೋದು, ರಾತ್ರಿ ನಮ್ಮ ಗೋಡೆ ಒಂದು ವರಸೆ ಗಿಡ್ಡ. ಕೊನೆಗೆ ಮಾಡಿದ ಟ್ಯೂನ್‌ಗಳಲ್ಲಿ ಸಿಂಬಲ್ ಎಲ್ಲಾ ಮೈಕಲ್ಲೂ ಚೆಲ್ಲಾಡಿದೆ, ಜನಕ್ಕೆ ಅವೇ ಹೆಚ್ಚು ಹಿಡಿಸಿವೆ, ನಾನೂ ಬೇಕಂತಲೇ ಮಾಡಿದ್ದು ಅಂತ ಹೇಳ್ಕೊಂಡು ಓಡಾಡ್ತಿದೀನಿ.

ಎಡಿಟ್ ಆಗಲ್ಲ ಅಂದಿದ್ರಲ್ಲ, ಆಗತ್ತೆ. ಒಬ್ಬೊಬ್ಬರನ್ನ ಬಿಡಿಸಿ ಎಡಿಟ್ ಮಾಡಕ್ಕಾಗಲ್ಲ ಅಷ್ಟೇ. ರೀಪರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಅಷ್ಟೂ ಟ್ರ್ಯಾಕ್ ಗ್ರೂಪ್ ಮಾಡಿ ಒಂದೇ ಏಟಿಗೆ ಕತ್ತರಿಸ್ಬೇಕು, ಕತ್ತರಿಸೋ ಜಾಗ ಮುಕ್ತಾಯ ಮುಗಿದು ಸಮ ಬೀಳೋದಕ್ಕೆ ಸ್ವಲ್ಪ ಮುಂಚೆ, ಹತ್ತಿಪ್ಪತ್ತು ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ಟೇಕ್ ಇಳೀತಾ ಇನ್ನೊಂದು ಏರೋದು). ಎರಡು ಟೇಕಿನ ಸ್ಪೀಡಲ್ಲಿ ಒಂದೆರಡು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ಲೆಕ್ಕ) ವ್ಯತ್ಯಾಸ ಇದ್ರೂ ಸಮದಲ್ಲಿ ಮುಚ್ಚೋಗತ್ತೆ. ಜಾಗ ತೋರಿಸದೆ ಕೇಳಿಸಿದ್ರೆ ಯಾರೂ ಹಿಡಿದಿಲ್ಲ, ಆ ನಕ್ಕವ್ರೂ ಸೇರಿ. ಇನ್ನೊಂದು, ಸೌಂಡು ಒಂದಡಿಗೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ತಗೊಳ್ಳತ್ತೆ ಅಂತ ದೂರದ ಮೈಕುಗಳ ಟ್ರ್ಯಾಕನ್ನ ಎಳೆದು ತಾಳೆ ಕೂರಿಸೋಕೆ ನೋಡಿದೆ, ಸ್ನೇರ್ ಸರಿಯಾದ್ರೆ ಮೃದಂಗ ಕೆಡತ್ತೆ, ಇದ್ದಂಗೇ ಬಿಟ್ಟೆ.

ಮಧ್ಯೆ ಒಂದು ತರಲೆ. ಹೋಟ್ಲಿನ ಟೆರೇಸಲ್ಲಿದ್ದ ಖಾಲಿ ಸಿಂಟೆಕ್ಸ್ ಟ್ಯಾಂಕಲ್ಲಿ ಸ್ಪೀಕರ್ ಇಳಿಬಿಟ್ಟು ಸ್ಯಾಕ್ಸ್ ಪ್ಲೇ ಮಾಡಿ, ಟ್ಯಾಂಕಿನ ಬಾಯಿ ಹತ್ರ ಮೈಕ್ ಹಿಡಿದು ಮತ್ತೆ ರೆಕಾರ್ಡ್ ಮಾಡಿದ್ವಿ. ರಿವರ್ಬ್ (ದನಿ ಉಳಿಯೋ ಗುಂಗು) ಚೆನ್ನಾಗೇ ಬಂತು, ಒಂದು ಟ್ಯೂನಿನ ಆಲಾಪಕ್ಕೆ ಹಾಕಿದೀನಿ. ತಾಮ್ರದ ಹಂಡೆಲೂ ನೋಡಿದ್ವಿ, ಬರೀ ಒಂದೇ ಸ್ವರ ಗುಂಯ್ ಅನ್ನತ್ತೆ, ವೇಸ್ಟ್.

ಖರ್ಚಲ್ಲಿ ದೊಡ್ಡದು ಮಾಸ್ಟರಿಂಗು (ಮಿಕ್ಸ್ ಆದ್ಮೇಲೆ ಸೌಂಡಿಗೆ ಕೊನೇ ಹದ ಕೊಡೋದು), ಟ್ಯೂನಿಗೆ ಐದು ಸಾವಿರದಂಗೆ ಏಳು ಟ್ಯೂನಿಗೆ. ಮೈಕು, ಮೈಕಿನ ದನಿ ಏರಿಸೋ ಪ್ರೀಆಂಪ್ ಬಾಡಿಗೆ ಮೂವತ್ತು ಸಾವಿರದ ಹತ್ರ. ಉಳಿದಿದ್ದು ಟೆಂಪೋ, ಚಹಾ, ರಾತ್ರಿ ಊಟ. ಮಿಕ್ಸ್ ನಂದೇ. ಸ್ಟ್ರೀಮಿಂಗಿಂದ ಬಂದಿದ್ದು ಹೇಳಕ್ಕೇ ನಾಚಿಕೆ, ಆದ್ರೆ ಇದನ್ನ ಕೇಳಿ ಗೋವಾದಲ್ಲಿ ಒಂದೆರಡು ಕಡೆ ಕರೆದ್ರು, ಹಾಕಿದ ದುಡ್ಡು ಬಹುತೇಕ ಅಲ್ಲೇ ವಾಪಸ್ ಬಂತು. ಆ ರೂಮ್ ಸೌಂಡು ಯಾವ ಪ್ಲಗಿನ್ (ಸಾಫ್ಟ್‌ವೇರ್ ಎಫೆಕ್ಟ್) ಅಂತ ಮೆಸೇಜ್ ಮಾಡೋರು ಈಗ ಜಾಸ್ತಿ ಆಗಿದಾರೆ, ಒಬ್ಬಿಬ್ರು ಸೀದಾ ಶೆಟ್ರ ಹತ್ರನೇ ಹೋಗಿ ಗೋಡೌನ್ ಕೇಳಿದ್ರಂತೆ. ಶೆಟ್ರು ಈಗ ರಾತ್ರಿಗೆ ಎರಡು ಸಾವಿರ ಅಂತಿದಾರೆ, ಮೂಟೆ ಬೇಕಂದ್ರೆ ಅದಕ್ಕೆ ಬೇರೆ ರೇಟಂತೆ.